ಬಣ್ಣ ನೋಡಿ ಬರೆದ ವರದಿ

ಬೆಂಗಳೂರಿನಲ್ಲಿ ಮನೆ ಕೊಳ್ಳುವವರು ಕಾಗದಪತ್ರದ ವಿಷಯದಲ್ಲಿ ಬಲು ಎಚ್ಚರದವರು. ತಾಯಿಪತ್ರದಿಂದ ಹಿಡಿದು ಇಸಿ, ಖಾತೆ, ಕಂದಾಯದ ರಸೀದಿಯವರೆಗೆ ಎಲ್ಲವನ್ನೂ ವಕೀಲರ ಮುಂದಿಟ್ಟು ಲೀಗಲ್ ಒಪಿನಿಯನ್ ಬರೆಸುತ್ತಾರೆ. ವಾಸ್ತು ತೋರಿಸುತ್ತಾರೆ. ಕಟ್ಟಡವನ್ನು ಮಾತ್ರ ಒಂದು ಭಾನುವಾರ ಮನೆಮಂದಿಯೆಲ್ಲ ಹೋಗಿ ಅರ್ಧ ಗಂಟೆ ಸುತ್ತಾಡಿ ನೋಡಿ ಬಂದರೆ ಮುಗಿಯಿತು. ಈ ಕೊರತೆಯನ್ನು ತುಂಬಲು ಕೆಲವು ವರ್ಷಗಳಿಂದ ಮನೆ ತಪಾಸಣೆಯೆಂಬ ಸೇವೆ ಬೆಳೆದಿದೆ. ಶುಲ್ಕ ಕೊಟ್ಟರೆ ಎಂಜಿನಿಯರುಗಳು ತೇವದ ಮೀಟರು, ಥರ್ಮಲ್ ಕ್ಯಾಮೆರಾ, ಲೇಸರ್ ಅಳತೆಯ ಸಾಧನ ಹಿಡಿದು ಬರುತ್ತಾರೆ. ಫೋಟೊಗಳ ಸಮೇತ ದಪ್ಪ ವರದಿ ಕೊಡುತ್ತಾರೆ. ಈ ಸೇವೆ ಬೇಕೇ ಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಕಣ್ಣಿಗೆ ಬೀಳುವ ಕುಂದುಗಳಿಗೆ ಅದರಲ್ಲಿ ಸಿಗುವ ಗಮನ ನೆಲದಡಿಯ ನೀರಿಗೂ ಕಾಂಕ್ರೀಟಿನೊಳಗಿನ ಸರಳಿಗೂ ಸಿಗುತ್ತಿಲ್ಲ.

ಇಂಥ ವರದಿಗಳ ಪುಟಗಳನ್ನು ತಿರುವಿ ನೋಡಿ. ಬಣ್ಣ ಮಾಸಿದ ಗೋಡೆ, ಗೀರುಬಿದ್ದ ಬಾಗಿಲು, ಸರಿಯಾಗಿ ಜಾರದ ಕಿಟಕಿ, ತಟ್ಟಿದರೆ ಟೊಳ್ಳು ಸದ್ದು ಕೊಡುವ ಟೈಲ್ಸ್: ಹೆಚ್ಚಿನ ಸಾಲುಗಳು ಇವೇ. ಸುಳ್ಳೇನಲ್ಲ, ನಿಜವಾದ ಕುಂದುಗಳೇ. ಆದರೆ ಬಿಲ್ಡರ್ ಒಬ್ಬ ಪೇಂಟರನ್ನೂ ಒಬ್ಬ ಬಡಗಿಯನ್ನೂ ಕಳಿಸಿ ವಾರದಲ್ಲಿ ಇವನ್ನೆಲ್ಲ ಸರಿಪಡಿಸಬಹುದು. ಪಟ್ಟಿಯಲ್ಲಿದ್ದದ್ದೆಲ್ಲ ಆಯಿತಲ್ಲ ಎಂದು ಕೊಂಡವರು ಸ್ವಾಧೀನಪತ್ರಕ್ಕೆ ಸಹಿ ಹಾಕುತ್ತಾರೆ. ಪಟ್ಟಿ ಉದ್ದವಿದ್ದಷ್ಟೂ ತಪಾಸಣೆ ಚೆನ್ನಾಗಿ ಆಯಿತೆಂಬ ನಂಬಿಕೆ ಗಟ್ಟಿಯಾಗುತ್ತದೆ. ಈ ನಂಬಿಕೆಯೇ ಅಪಾಯಕಾರಿ.

ಬಚ್ಚಲುಮನೆಯನ್ನೇ ತೆಗೆದುಕೊಳ್ಳಿ. ಫ್ಲ್ಯಾಟುಗಳಲ್ಲಿ ಸಾಮಾನ್ಯವಾಗಿ ಬಚ್ಚಲಿನ ಸ್ಲ್ಯಾಬನ್ನು ಉಳಿದ ನೆಲಕ್ಕಿಂತ ತಗ್ಗಿಸಿ ಹಾಕಿ, ಆ ಗುಂಡಿಯಲ್ಲಿ ಪೈಪು ಹಾಯಿಸಿ, ಮೇಲೆ ತುಂಬುವಸ್ತು ಹಾಕಿ ಟೈಲ್ಸ್ ಕೂರಿಸುತ್ತಾರೆ. ಪೈಪಿನ ಒಂದು ಕೀಲು ಸಡಿಲವಿದ್ದರೆ, ವಾಟರ್‌ಪ್ರೂಫಿಂಗ್ ಪದರ ಮೂಲೆಯಲ್ಲಿ ಹರಿದಿದ್ದರೆ, ನೀರು ಆ ತುಂಬುವಸ್ತುವಿನಲ್ಲಿ ತಿಂಗಳುಗಟ್ಟಲೆ ಕೂತಿರುತ್ತದೆ. ಮೇಲಿನ ಮನೆಯವರಿಗೆ ಏನೂ ಗೊತ್ತಾಗುವುದಿಲ್ಲ. ಒಂದು ದಿನ ಕೆಳಮನೆಯ ಚಾವಣಿಯಲ್ಲಿ ಕಂದು ಕಲೆ ಮೂಡುತ್ತದೆ, ಪ್ಲಾಸ್ಟರ್ ಉಬ್ಬುತ್ತದೆ, ಎರಡು ಮನೆಗಳ ನಡುವೆ ಮಾತು ನಿಲ್ಲುತ್ತದೆ. ಅಪಾರ್ಟ್‌ಮೆಂಟ್ ಸಂಘಗಳ ಸಭೆಯಲ್ಲಿ ಕೂತವರಿಗೆ ಈ ಜಗಳ ಹೊಸದಲ್ಲ.

ಇದನ್ನು ಮೊದಲೇ ಹಿಡಿಯುವ ವಿಧಾನ ಹಳೆಯದು, ಮೇಸ್ತ್ರಿಗಳಿಗೆಲ್ಲ ಗೊತ್ತಿರುವುದು. ನೀರು ಹೋಗುವ ತೂತು ಮುಚ್ಚಿ, ಬಚ್ಚಲಿನ ನೆಲದ ಮೇಲೆ ನೀರು ನಿಲ್ಲಿಸಿ, ಒಂದು ದಿನವಾದರೂ ಬಿಟ್ಟು, ಕೆಳಮನೆಯ ಚಾವಣಿ ನೋಡುವುದು. ಆದರೆ ಇದಕ್ಕೆ ತಪಾಸಣೆಗಾರ ಎರಡು ಸಲ ಬರಬೇಕು, ಕೆಳಮನೆಯ ಕೀಲಿ ಸಿಗಬೇಕು. ಎರಡು ಮೂರು ಗಂಟೆಯಲ್ಲಿ ಮುಗಿಯುವ ಭೇಟಿಯಲ್ಲಿ ಇದಕ್ಕೆ ಎಡೆಯೆಲ್ಲಿ? ಖಾಲಿ ಫ್ಲ್ಯಾಟಿನಲ್ಲಿ ಯಾರೂ ಸ್ನಾನವನ್ನೇ ಮಾಡಿಲ್ಲದ ಬಚ್ಚಲಿನ ಗೋಡೆಗೆ ತೇವದ ಮೀಟರು ಒತ್ತಿ ‘ಒಣಗಿದೆ’ ಎಂದು ಬರೆದರೆ ಅದು ಪರೀಕ್ಷೆಯೇ ಅಲ್ಲ. ಹೊರಗೋಡೆಯದೂ ಇದೇ ಕಥೆ. ಮಾರ್ಚಿನಲ್ಲಿ ಒಣಗಿ ನಿಂತ ಗೋಡೆ ಸೆಪ್ಟೆಂಬರಿನ ಮಳೆಯಲ್ಲಿ ಏನು ಮಾಡುತ್ತದೆಂದು ಮೀಟರು ಹೇಳಲಾರದು. ಆಯ್ಕೆಯಿದ್ದರೆ ಮಳೆಗಾಲದಲ್ಲೇ, ಅದೂ ಜೋರು ಮಳೆ ಬಂದ ಮರುದಿನ, ಮನೆ ನೋಡಬೇಕು. ತಾರಸಿಯಲ್ಲಿ ನೀರು ಎಲ್ಲಿ ನಿಂತಿದೆ, ಬೇಸ್‌ಮೆಂಟಿನ ಗೋಡೆಯಲ್ಲಿ ಎಲ್ಲಿ ಜಿನುಗುತ್ತಿದೆ ಎಂಬುದು ಆಗ ಯಾವ ಉಪಕರಣವೂ ಇಲ್ಲದೆ ಕಾಣುತ್ತದೆ.

ಬೇಸ್‌ಮೆಂಟ್, ತಾರಸಿ, ಸಂಪು, ಎಸ್‌ಟಿಪಿ ಇವು ತಪಾಸಣೆಯ ಪಟ್ಟಿಯಲ್ಲಿ ಇರುವುದೇ ಅಪರೂಪ. ನಾಲ್ಕು ಗೋಡೆಯೊಳಗೆ ಶುರುವಾದ ವರದಿ ಅಲ್ಲೇ ಮುಗಿಯುತ್ತದೆ. 2022ರ ಸೆಪ್ಟೆಂಬರಿನಲ್ಲಿ ಸರ್ಜಾಪುರ ರಸ್ತೆಯ ರೇನ್‌ಬೋ ಡ್ರೈವ್ ಬಡಾವಣೆಯಲ್ಲಿ ನೀರು ನಿಂತು ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಸಾಗಿಸಬೇಕಾಯಿತು. ಅಲ್ಲಿನ ಮನೆಗಳ ಟೈಲ್ಸ್ ತಟ್ಟಿ ನೋಡಿದ್ದರೆ ಅದು ತಿಳಿಯುತ್ತಿತ್ತೆ? ತಗ್ಗು ಎತ್ತ ಕಡೆಗಿದೆ, ರಾಜಕಾಲುವೆ ಎಲ್ಲಿ ಹಾಯುತ್ತದೆ ಎಂದು ಕೇಳಬೇಕಿತ್ತು. ಕುಡಿಯುವ ನೀರಿನ ವಿಷಯವೂ ಹಾಗೆಯೇ. ಭಾರತೀಯ ಮಾನಕದ ಪ್ರಕಾರ ನೀರಿನಲ್ಲಿ ಕರಗಿದ ಲವಣಾಂಶ ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವೇ ಇಲ್ಲದಿದ್ದಾಗ 2000ದವರೆಗೆ ಒಪ್ಪಬಹುದು. ಬೋರ್‌ವೆಲ್ಲು, ಟ್ಯಾಂಕರು ನಂಬಿದ ಕಟ್ಟಡದಲ್ಲಿ ನಲ್ಲಿಯ ನೀರನ್ನು ಲ್ಯಾಬಿಗೆ ಕಳಿಸದೆ ಮನೆ ಒಪ್ಪಿಕೊಳ್ಳಬಾರದು.

ಇನ್ನು ಕಟ್ಟಡದ ಬಲ. 2022ರ ಫೆಬ್ರವರಿಯಲ್ಲಿ ಹರಿಯಾಣದ ಗುರುಗ್ರಾಮದಲ್ಲಿ ಚಿಂಟೆಲ್ಸ್ ಪ್ಯಾರಡೈಸೊ ಎಂಬ ವಸತಿ ಸಮುಚ್ಚಯದ ಒಂದು ಗೋಪುರದಲ್ಲಿ ಆರನೆಯ ಮಹಡಿಯಿಂದ ಚಾವಣಿಗಳು ಒಂದರ ಮೇಲೊಂದು ಕುಸಿದು ಇಬ್ಬರು ಮಹಿಳೆಯರು ಸತ್ತರು. ದೆಹಲಿ ಐಐಟಿಯ ತಜ್ಞರು ಕಾಂಕ್ರೀಟನ್ನು ಪರೀಕ್ಷಿಸಿದಾಗ ಅದರಲ್ಲಿ ಕ್ಲೋರೈಡ್ ಅಂಶ ಸಿಕ್ಕಿತು, ಒಳಗಿನ ಸರಳುಗಳಿಗೆ ತುಕ್ಕು ಹಿಡಿದಿತ್ತು. ಜನ ಸಂಸಾರ ಹೂಡಿ ಬಾಳುತ್ತಿದ್ದ ಕಟ್ಟಡ ಅದು. ಇಂಥದ್ದನ್ನು ಥರ್ಮಲ್ ಕ್ಯಾಮೆರಾ ಹಿಡಿದು ಒಂದು ಸುತ್ತು ಬಂದವರು ಕಂಡುಹಿಡಿಯಲಾರರು, ಅವರ ಮೇಲೆ ಆ ಭಾರ ಹೊರಿಸುವುದೂ ನ್ಯಾಯವಲ್ಲ. ನನ್ನ ಆಕ್ಷೇಪ ಬೇರೆ: ಅವರ ವರದಿಯಲ್ಲಿ ‘ಇದನ್ನು ನಾವು ಪರೀಕ್ಷಿಸಿಲ್ಲ’ ಎಂಬ ಮಾತು ಎಲ್ಲೋ ಕೊನೆಯ ಪುಟದ ಸಣ್ಣಕ್ಷರದಲ್ಲಿ ಇರುತ್ತದೆ. ಅದು ಮೊದಲ ಪುಟದಲ್ಲಿ ಇರಬೇಕು. ಕಾಂಕ್ರೀಟ್ ಕ್ಯೂಬ್ ಪರೀಕ್ಷೆಯ ವರದಿ, ಸ್ಟ್ರಕ್ಚರಲ್ ಡ್ರಾಯಿಂಗ್ ಇವನ್ನು ಬಿಲ್ಡರಿಂದ ಕೇಳಿ ಪಡೆಯಿರಿ ಎಂಬ ಸಲಹೆಯೂ ಅಲ್ಲೇ ಇರಬೇಕು.

ತಪಾಸಣೆಗಾರ ಯಾರ ಕಡೆಯವರು ಎಂಬುದನ್ನೂ ಕೇಳಿಕೊಳ್ಳಿ. ಸೋರಿಕೆ ಹುಡುಕುವ ಸಂಸ್ಥೆಯೇ ವಾಟರ್‌ಪ್ರೂಫಿಂಗ್ ಗುತ್ತಿಗೆಯನ್ನೂ ಮಾಡುತ್ತಿದ್ದರೆ, ಬ್ರೋಕರೇ ಒಬ್ಬರನ್ನು ಕರೆತಂದಿದ್ದರೆ, ಆ ವರದಿಯನ್ನು ನಾನು ನೆಚ್ಚಲಾರೆ. ಬ್ಯಾಂಕಿನವರು ಕಳಿಸುವ ವ್ಯಾಲ್ಯುಯರ್ ಬಂದುಹೋದರೆ ತಪಾಸಣೆ ಆಯಿತೆಂದು ಅನೇಕರು ತಿಳಿಯುತ್ತಾರೆ. ಅವರು ಲೆಕ್ಕ ಹಾಕುವುದು ಕೊಟ್ಟ ಸಾಲಕ್ಕೆ ಆಸ್ತಿಯ ಬೆಲೆ ಸಾಕೇ ಎಂದು. ನಿಮ್ಮ ಬಚ್ಚಲು ಸೋರುತ್ತದೆಯೇ ಎಂಬುದು ಅವರ ಕೆಲಸವಲ್ಲ.

ಹೊಸ ಫ್ಲ್ಯಾಟಿಗಾದರೆ ಕಾನೂನಿನ ಆಸರೆ ಇದೆ. 2016ರ ರೇರಾ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ, ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ಕಟ್ಟಡದ ರಚನೆಯಲ್ಲಾಗಲಿ, ಕೆಲಸದ ಗುಣಮಟ್ಟದಲ್ಲಾಗಲಿ ದೋಷವಿದೆಯೆಂದು ತಿಳಿಸಿದರೆ ಬಿಲ್ಡರ್ 30 ದಿನದಲ್ಲಿ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು. ಇಲ್ಲವಾದರೆ ಪರಿಹಾರ ಕೇಳಬಹುದು. ಹಾಗಾಗಿ ತಪಾಸಣೆ ಒಂದೇ ಸಲದ ಶಾಸ್ತ್ರ ಆಗಬಾರದು. ಕೊನೆಯ ಕಂತು ಕಟ್ಟುವ ಮುಂಚೆ ಒಮ್ಮೆ, ಐದನೆಯ ವರ್ಷ ತುಂಬುವ ಮುಂಚಿನ ಮಳೆಗಾಲದಲ್ಲಿ ಇನ್ನೊಮ್ಮೆ ಮಾಡಿಸಿ, ಕಂಡದ್ದನ್ನು ಲಿಖಿತವಾಗಿ ತಿಳಿಸಬೇಕು. ಈ ಎರಡನೆಯ ತಪಾಸಣೆಯ ಬಗ್ಗೆ ಯಾವ ಜಾಹೀರಾತೂ ಮಾತಾಡುವುದನ್ನು ನಾನು ನೋಡಿಲ್ಲ, ಅದರಿಂದಲೇ ಹೆಚ್ಚು ಪ್ರಯೋಜನವಿದ್ದರೂ.

ಹಳೆಯ ಮನೆ ಕೊಳ್ಳುವವರಿಗೆ ಈ ಆಸರೆಯೂ ಇಲ್ಲ. ಮಾರುವವರು ಸಾಮಾನ್ಯ ಮನೆಯೊಡೆಯರು, ಬಿಲ್ಡರ್ ಎಂದೋ ಕೈತೊಳೆದುಕೊಂಡಿರುತ್ತಾರೆ. ಇಲ್ಲಿ ನಡೆಯುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅದರ 55ನೇ ಸೆಕ್ಷನ್ ಪ್ರಕಾರ ಮಾರುವವರು ತಮಗೆ ಗೊತ್ತಿರುವ ದೊಡ್ಡ ದೋಷಗಳನ್ನು ಹೇಳಲೇಬೇಕು. ಆದರೆ ಕೊಳ್ಳುವವರು ಸಾಮಾನ್ಯ ಎಚ್ಚರ ವಹಿಸಿದ್ದರೆ ತಾವೇ ಕಾಣಬಹುದಾಗಿದ್ದ ದೋಷಕ್ಕೆ ಆ ಹೊಣೆ ಇಲ್ಲ. ಅಂದರೆ ನೀವು ನೋಡದೆ ಬಿಟ್ಟದ್ದು ನಿಮ್ಮ ಪಾಲಿಗೇ ಬಂತು. ತಪಾಸಣೆ ಅತ್ಯಂತ ಅಗತ್ಯವಿರುವುದು ಇಲ್ಲಿ, ಅತ್ಯಂತ ಕಡಿಮೆ ನಡೆಯುವುದೂ ಇಲ್ಲೇ. ಜನ ವಾಸವಿದ್ದ ಮನೆಯನ್ನು ತಟ್ಟಿ ಮೀಟರು ಹಿಡಿದು ನೋಡುವುದು ಮರ್ಯಾದೆಯಲ್ಲವೆಂಬ ಸಂಕೋಚ ಒಂದು ಕಡೆ, ಬೇರೆ ಗಿರಾಕಿ ಕಾದಿದ್ದಾರೆಂಬ ಬ್ರೋಕರ್ ಅವಸರ ಇನ್ನೊಂದು ಕಡೆ. ಒಂದೇ ಕೋಣೆಯ ಚಾವಣಿಗೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಏಕೆಂದು ಕೇಳಲೇಬೇಕು. ಕೆಳಮನೆಯ ಬಾಗಿಲು ತಟ್ಟಿ, ಮೇಲಿಂದ ನೀರು ಬಂದದ್ದುಂಟೇ ಎಂದು ವಿಚಾರಿಸಬೇಕು. ಈ ಪ್ರಶ್ನೆಗೆ ನೆರೆಯವರು ಕೊಡುವಷ್ಟು ನೇರ ಉತ್ತರ ಇನ್ಯಾರೂ ಕೊಡುವುದಿಲ್ಲ. ಮುಂಗಡ ಕೊಡುವ ಮುಂಚೆ ಅಗ್ರಿಮೆಂಟಿನಲ್ಲಿ ಒಂದು ಷರತ್ತು ಬರೆಸಬೇಕು: ಎಂಜಿನಿಯರ್ ತಪಾಸಣೆಯಲ್ಲಿ ದೊಡ್ಡ ದೋಷ ಕಂಡರೆ ರಿಪೇರಿಯ ಖರ್ಚು ಬೆಲೆಯಲ್ಲಿ ಕಳೆಯತಕ್ಕದ್ದು, ಇಲ್ಲವೇ ಮುಂಗಡ ಪೂರ್ತಿ ವಾಪಸು ಕೊಡತಕ್ಕದ್ದು. ಮಾರುವವರು ಇದಕ್ಕೆ ಒಪ್ಪದಿದ್ದರೆ, ಏಕೆ ಒಪ್ಪುತ್ತಿಲ್ಲವೆಂದು ತಿಳಿಯುವವರೆಗೆ ಹಣ ಕೊಡಬೇಡಿ.