ಅಮೂರ್ತ ಪರಿಭಾಷೆಯ ನಿರೂಪಣೆ: ಧ್ವನಿ ಮತ್ತು ಔಚಿತ್ಯ ಗ್ರಂಥಗಳ ರಚನಾಕ್ರಮ

ಅಮೂರ್ತ ಪರಿಭಾಷೆಯೊಂದನ್ನು ನಿರೂಪಿಸುವ ಪ್ರಬಂಧ ಎಲ್ಲಿಂದ ತೊಡಗಬೇಕೆಂಬುದು ಕೇವಲ ಬರವಣಿಗೆಯ ಅನುಕೂಲದ ಪ್ರಶ್ನೆಯೆಂದು ನಮ್ಮ ಸಂಶೋಧನಾವಲಯ ಭಾವಿಸಿರುವಂತಿದೆ. ‘ದೇಸಿ’, ‘ಸಂವೇದನೆ’, ‘ಅನನ್ಯತೆ’ ಮೊದಲಾದ ಪದಗಳನ್ನು ಕುರಿತ ಬರಹಗಳು ಬಹುಮಟ್ಟಿಗೆ ಒಂದೇ ಜಾಡಿನಲ್ಲಿ ಸಾಗುತ್ತವೆ. ಮೊದಲು ಕಿಟ್ಟೆಲ್ ನಿಘಂಟಿನ ಅರ್ಥ, ಬಳಿಕ ವ್ಯುತ್ಪತ್ತಿ, ಆಮೇಲೆ ವಿದ್ವಾಂಸರ ಅಭಿಪ್ರಾಯಗಳ ಸಾಲು, ಕೊನೆಗೆ ಎಲ್ಲವನ್ನೂ ಒಳಗೊಳ್ಳುವ ಒಂದು ಸಡಿಲ ವಾಕ್ಯ. ಯಾವುದನ್ನೂ ಹೊರಗಿಡದ ಇಂಥ ಲಕ್ಷಣ ಲಕ್ಷಣವೇ ಅಲ್ಲ. ಭಾರತೀಯ ಕಾವ್ಯಮೀಮಾಂಸೆಯಲ್ಲಿ ಈ ಕೆಲಸವನ್ನು ಬೇರೆ ಬೇರೆ ಕ್ರಮಗಳಿಂದ ಮಾಡಿದ ಗ್ರಂಥಗಳಿವೆ. ಅವುಗಳ ಸಿದ್ಧಾಂತ ಸಾಕಷ್ಟು ಚರ್ಚಿತವಾಗಿದೆ. ವಿಷಯವನ್ನು ಅವು ಜೋಡಿಸಿದ ಬಗೆ ಅಷ್ಟಾಗಿ ಗಮನಕ್ಕೆ ಬಂದಿಲ್ಲ.

ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನನು ‘ಧ್ವನ್ಯಾಲೋಕ’ವನ್ನು ಲಕ್ಷಣದಿಂದ ಆರಂಭಿಸುವುದಿಲ್ಲ, ವಿವಾದದಿಂದ ಆರಂಭಿಸುತ್ತಾನೆ. ಧ್ವನಿಯೆಂಬುದೇ ಇಲ್ಲ ಎನ್ನುವವರು, ಅದು ಲಕ್ಷಣಾವೃತ್ತಿಯಲ್ಲೇ ಅಡಗುತ್ತದೆ ಎನ್ನುವವರು, ಇದೆಯಾದರೂ ಮಾತಿಗೆ ನಿಲುಕದು ಎನ್ನುವವರು, ಹೀಗೆ ಮೂರು ಪಕ್ಷಗಳನ್ನು ಮೊದಲ ಕಾರಿಕೆಯಲ್ಲೇ ನಿಲ್ಲಿಸುತ್ತಾನೆ. (ಕಾರಿಕೆ ಮತ್ತು ವೃತ್ತಿಗಳ ಕರ್ತೃ ಒಬ್ಬನೇ ಎಂಬ ಹಳೆಯ ಜಿಜ್ಞಾಸೆ ಇಲ್ಲಿ ಪ್ರಸ್ತುತವಲ್ಲ.) ಲಕ್ಷಣ ಬರುವುದು ಹದಿಮೂರನೆಯ ಕಾರಿಕೆಯಲ್ಲಿ. ನಡುವಿನ ಅವಕಾಶದಲ್ಲಿ ಅವನು ಓದುಗನನ್ನು ಸಿದ್ಧಗೊಳಿಸುತ್ತಾನೆ. ವಾಚ್ಯ ಮತ್ತು ಪ್ರತೀಯಮಾನಗಳ ಭೇದವನ್ನು ಹೇಳಿ, ಪ್ರತೀಯಮಾನವು ಅವಯವಗಳಿಗಿಂತ ಬೇರೆಯಾಗಿ ತೋರುವ ಲಾವಣ್ಯದಂತೆ ಎನ್ನುತ್ತಾನೆ. ಒಡನೆಯೇ ವೃತ್ತಿಯಲ್ಲಿ ಒಂದು ಪ್ರಾಕೃತ ಪದ್ಯವನ್ನು ಮುಂದಿಡುತ್ತಾನೆ. ಗೋದಾವರಿಯ ದಡದಲ್ಲಿ ನಾಯಿಗೆ ಹೆದರುತ್ತಿದ್ದ ಧಾರ್ಮಿಕನಿಗೆ ಒಬ್ಬಳು, ಆ ನಾಯಿಯನ್ನು ಸಿಂಹ ಕೊಂದಿದೆ, ಇನ್ನು ನಿಶ್ಚಿಂತೆಯಿಂದ ಸಂಚರಿಸು ಎನ್ನುತ್ತಾಳೆ. ಮಾತು ಅನುಮತಿ, ಹೊಳೆಯುವುದು ನಿಷೇಧ. ‘ಧ್ವನಿಯೆಂಬುದೇ ಇಲ್ಲ’ ಎಂಬ ಪಕ್ಷಕ್ಕೆ ಅರ್ಧ ಉತ್ತರ ಇಲ್ಲಿಯೇ ಸಿಕ್ಕಿಬಿಡುತ್ತದೆ. ಲಕ್ಷಣವನ್ನು ಒಪ್ಪುವ ಮೊದಲೇ ಓದುಗನು ವಸ್ತುವನ್ನು ಕಂಡಿರುತ್ತಾನೆ.

ಲಕ್ಷಣವಾದ ಮೇಲೆ ಅವನು ಮಾಡುವುದು ಗಡಿಯ ಕೆಲಸ. ಸಮಾಸೋಕ್ತಿಯಂಥ ಅಲಂಕಾರಗಳಲ್ಲಿಯೂ ವ್ಯಂಗ್ಯವಿದೆ; ಆದರೆ ಅಲ್ಲಿ ಅದು ವಾಚ್ಯಕ್ಕೆ ಅಧೀನ, ಆದುದರಿಂದ ಧ್ವನಿಯಲ್ಲ. ಪದದ ಪ್ರತಿಷ್ಠೆಯನ್ನು ಹೆಚ್ಚಿಸಬಹುದಾಗಿದ್ದ ಉದಾಹರಣೆಗಳನ್ನೇ ಹೀಗೆ ಹೊರಗಿಡುವುದು ನನ್ನ ದೃಷ್ಟಿಯಲ್ಲಿ ಈ ಗ್ರಂಥದ ಅತ್ಯಂತ ಧೀರವಾದ ಭಾಗ. ಪ್ರಭೇದಗಳ ವಿಸ್ತಾರ ಇದಾದ ಬಳಿಕ, ಎರಡು ಮತ್ತು ಮೂರನೆಯ ಉದ್ಯೋತಗಳಲ್ಲಿ ಬರುತ್ತದೆ.

ಇದೇ ಶತಮಾನದ ‘ಕವಿರಾಜಮಾರ್ಗ’ದಲ್ಲಿಯೂ ಧ್ವನಿಯ ಹೆಸರಿದೆ. ಆದರೆ ಅಲ್ಲಿ ಅದು ಮೂರನೆಯ ಪರಿಚ್ಛೇದದ ಅರ್ಥಾಲಂಕಾರಗಳ ಸಾಲಿನಲ್ಲಿ ಒಂದು ಅಲಂಕಾರವಾಗಿ ನಿಂತಿದೆ. ಕನ್ನಡ ಕೃತಿ ಆನಂದವರ್ಧನನನ್ನು ಬಲ್ಲುದೇ ಎಂಬ ಕಾಲನಿರ್ಣಯದ ವಾದದಲ್ಲಿ ವಿದ್ವಾಂಸರು ಹೆಚ್ಚು ಶ್ರಮಿಸಿದ್ದಾರೆ. ಸ್ಥಾನದ ಪ್ರಶ್ನೆ ನನಗೆ ಅದಕ್ಕಿಂತ ಮುಖ್ಯವೆನಿಸುತ್ತದೆ. ಒಂದೇ ಪದವನ್ನು ಅಲಂಕಾರಗಳ ಪಟ್ಟಿಯೊಳಗೆ ಇಟ್ಟಾಗ ಅದು ಹಲವರಲ್ಲಿ ಒಂದು. ಪಟ್ಟಿಯ ಹೊರಗಿಟ್ಟು ಅಲಂಕಾರಗಳನ್ನೇ ಅದರಿಂದ ಅಳೆದಾಗ ಅದು ಕಾವ್ಯದ ಆತ್ಮ. ಇಲ್ಲಿ ರಚನೆಯೇ ಅರ್ಥವನ್ನು ನಿರ್ಧರಿಸಿದೆ.

ಹನ್ನೊಂದನೆಯ ಶತಮಾನದ ಕ್ಷೇಮೇಂದ್ರನದು ಇನ್ನೊಂದು ದಾರಿ. ‘ಔಚಿತ್ಯವಿಚಾರಚರ್ಚಾ’ದಲ್ಲಿ ಲಕ್ಷಣ ಬೇಗನೆ ಮುಗಿಯುತ್ತದೆ: ಯಾವುದು ಯಾವುದಕ್ಕೆ ಒಪ್ಪುವುದೋ ಅದು ಉಚಿತ, ಅದರ ಭಾವವೇ ಔಚಿತ್ಯ. ಬಿಡಿಯಾಗಿ ನೋಡಿದರೆ ಇದು ಚಕ್ರವ್ಯಾಖ್ಯೆಯೇ ಸರಿ. ಕ್ಷೇಮೇಂದ್ರನಿಗೂ ಅದರ ಮೇಲೆ ಹೆಚ್ಚಿನ ಭರವಸೆ ಇದ್ದಂತಿಲ್ಲ. ಪದ, ವಾಕ್ಯ, ಪ್ರಬಂಧಾರ್ಥಗಳಿಂದ ಹಿಡಿದು ಉಪಸರ್ಗ, ನಿಪಾತ, ನಾಮ, ಆಶೀರ್ವಾದಗಳವರೆಗೆ 27 ಸ್ಥಾನಗಳಲ್ಲಿ ಔಚಿತ್ಯವನ್ನು ತೋರಿಸಲು ಹೊರಡುತ್ತಾನೆ. ಅವನ ನಿಜವಾದ ಉಪಕರಣ ಪ್ರತ್ಯುದಾಹರಣೆ. ಒಪ್ಪುವ ಪದ್ಯದ ಪಕ್ಕದಲ್ಲೇ ಒಪ್ಪದ ಪದ್ಯ. ‘ಕುಮಾರಸಂಭವ’ದ ಪಾರ್ವತೀಪರಮೇಶ್ವರರ ಶೃಂಗಾರವರ್ಣನೆಯನ್ನು ಪ್ರಬಂಧಾರ್ಥದ ಅನೌಚಿತ್ಯಕ್ಕೆ ಎತ್ತಿಕೊಳ್ಳಲು ಅವನು ಅಂಜುವುದಿಲ್ಲ, ಸ್ವಂತ ಪದ್ಯಗಳನ್ನೂ ಪರೀಕ್ಷೆಗೆ ಒಡ್ಡುತ್ತಾನೆ. ಸೂತ್ರ ಹೇಳಲಾರದ್ದನ್ನು ಈ ಜೋಡಿಗಳು ಹೇಳುತ್ತವೆ. ಆದರೆ 27 ಎಂಬ ಸಂಖ್ಯೆಗೆ ಒಳಗಿನ ಸಮರ್ಥನೆ ಕಾಣದು. ತತ್ತ್ವ, ಸತ್ತ್ವ, ಸ್ವಭಾವಗಳ ನಡುವಿನ ಅಂತರ ತೆಳ್ಳಗಾಗುತ್ತದೆ. ಎಲ್ಲೆಡೆಯೂ ಇರುವ ಔಚಿತ್ಯ ಎಲ್ಲಿ ನಿಲ್ಲುತ್ತದೆಂದು ತಿಳಿಯುವುದಿಲ್ಲ. ಅನೌಚಿತ್ಯವೇ ರಸಭಂಗಕ್ಕೆ ಕಾರಣವೆಂದು ಆನಂದವರ್ಧನನು ಮೂರನೆಯ ಉದ್ಯೋತದಲ್ಲಿ ಹೇಳಿ ಮುಂದೆ ಸಾಗುತ್ತಾನೆ. ರಸಕ್ಕೆ ಕಟ್ಟಿಹಾಕಿದ್ದರಿಂದ ಅವನಲ್ಲಿ ಆ ಪದ ಚಿಕ್ಕದಾಗಿಯೂ ಬಿಗಿಯಾಗಿಯೂ ಉಳಿದಿದೆ.

‘ದೇಸಿ’ಯನ್ನು ಕುರಿತು ಬರೆಯುವವರು ಇವೆರಡರಲ್ಲಿ ಯಾವ ಕ್ರಮವನ್ನು ಹಿಡಿದರೂ ನಿಘಂಟಿನಿಂದ ತೊಡಗುವಂತಿಲ್ಲ. ಮತಂಗನ ‘ಬೃಹದ್ದೇಶಿ’ಯಲ್ಲಿ ಅದು ಸಂಗೀತದ ಮಾತು, 941ರ ಪಂಪನಲ್ಲಿ ಮಾರ್ಗದೊಡನೆ ಹೊಂದಬೇಕಾದ ಗುಣ, ಭಾಲಚಂದ್ರ ನೇಮಾಡೆಯವರ ದೇಸೀವಾದದಲ್ಲಿ ವಸಾಹತುಶಾಹಿ ವಿಮರ್ಶೆಯ ಆಯುಧ. ‘ಕವಿರಾಜಮಾರ್ಗ’ದ ಮಾರ್ಗವಾದರೋ ಉತ್ತರ ಮತ್ತು ದಕ್ಷಿಣ ಎಂದು ಒಡೆಯುತ್ತದೆಯೇ ಹೊರತು ದೇಸಿಗೆ ಎದುರಾಳಿಯಾಗಿ ನಿಲ್ಲುವುದಿಲ್ಲ. ಇವನ್ನು ಒಂದೇ ಅರ್ಥದ ವಿಕಾಸವೆಂದು ಸಾಲಾಗಿ ಜೋಡಿಸುವ ಪ್ರಬಂಧ, ಪಂಪನ ದೇಸಿಯನ್ನು ಮಾರ್ಗವಿರೋಧಿಯೆಂದು ಓದುವಂತೆ ಮಾಡುತ್ತದೆ. ಆ ಓದಿನಲ್ಲಿ ‘ವಿಕ್ರಮಾರ್ಜುನವಿಜಯ’ದ ಸಂಸ್ಕೃತಭೂಯಿಷ್ಠ ವರ್ಣನೆಗಳೆಲ್ಲ ವಿವರಣೆಯಿಲ್ಲದೆ ಉಳಿಯುತ್ತವೆ.