ಒಂದೇ ಊರು, ಎರಡು ಲೋಕ: ವಿಡಿಯೊ ಗೇಮ್‌ಗಳಲ್ಲಿ ಪರ್ಯಾಯ ವಿಶ್ವದ ಪರಂಪರೆ

ಯಾವುದೋ ಒಂದು ಘಟನೆ ಬೇರೆ ರೀತಿ ನಡೆದದ್ದರಿಂದ ಬೇರೆ ದಾರಿ ಹಿಡಿದ, ಕಥೆಯ ಲೋಕಕ್ಕೆ ಅಂಟಿಕೊಂಡೇ ಇರುವ ಇನ್ನೊಂದು ಲೋಕವೇ ಪರ್ಯಾಯ ವಿಶ್ವ. ಕಾದಂಬರಿಗೂ ಸಿನಿಮಾಕ್ಕೂ ಇದು ಹೊಸ ತಂತ್ರವಲ್ಲ. ಪವನ್ ಕುಮಾರ್ ಅವರ ‘ಲೂಸಿಯಾ’ (2013) ಚಿತ್ರದಲ್ಲಿ ಒಂದು ಬದುಕು ಬಣ್ಣದಲ್ಲಿ, ಇನ್ನೊಂದು ಕಪ್ಪುಬಿಳುಪಿನಲ್ಲಿ ಸಾಗುತ್ತದೆ. ಯಾವಾಗ ಅತ್ತಿಂದಿತ್ತ ದಾಟಬೇಕೆಂಬುದು ನಿರ್ದೇಶಕರ ತೀರ್ಮಾನ. ವಿಡಿಯೊ ಗೇಮ್‌ನಲ್ಲಿ ದಾಟುವುದು ಆಡುವವರ ಕೈಯಲ್ಲಿರುತ್ತದೆ. ಸೋತ ಮೇಲೆ ಹಳೆಯ ಸೇವ್‌ಗೆ ಮರಳಿ ಬೇರೆ ದಾರಿ ಹಿಡಿಯುವ ಪ್ರತಿಯೊಬ್ಬರೂ ಒಂದೇ ಕಥೆಯ ಎರಡು ಸಾಧ್ಯತೆಗಳನ್ನು ಕಂಡಿರುತ್ತಾರೆ. ಈ ಪರಂಪರೆಯ ದೊಡ್ಡ ಆಟಗಳು ಆ ಅನುಭವವನ್ನೇ ಕಥೆಯೊಳಗೆ ತಂದು, ದಾಟಿದ್ದಕ್ಕೆ ಏನನ್ನಾದರೂ ತೆರಬೇಕಾಗುವಂತೆ ಮಾಡಿದವು. ಏನನ್ನೂ ಕೇಳದ ಆಟಗಳಲ್ಲಿ ಇನ್ನೊಂದು ಲೋಕ ಬರೀ ನೆಪವಾಗಿ ಉಳಿಯಿತು.

ಪರಂಪರೆಗೆ ಗಟ್ಟಿ ಬುನಾದಿ ಹಾಕಿದ್ದು 1991ರಲ್ಲಿ ಜಪಾನಿನಲ್ಲಿ ಸೂಪರ್ ಫ್ಯಾಮಿಕಾಮ್‌ಗಾಗಿ ಬಂದ ನಿಂಟೆಂಡೊದ ‘ದ ಲೆಜೆಂಡ್ ಆಫ್ ಜೆಲ್ಡಾ: ಎ ಲಿಂಕ್ ಟು ದ ಪಾಸ್ಟ್’. ಶಿಗೆರು ಮಿಯಾಮೊಟೊ ನಿರ್ಮಿಸಿ ತಕಾಶಿ ತೆಜುಕಾ ನಿರ್ದೇಶಿಸಿದ ಈ ಆಟದಲ್ಲಿ ಬೆಳಕಿನ ಲೋಕ, ಕತ್ತಲ ಲೋಕ ಎಂದು ಎರಡು ಲೋಕಗಳಿವೆ. ಎರಡರ ನಕ್ಷೆಯ ಆಕಾರ ಹೆಚ್ಚುಕಡಿಮೆ ಒಂದೇ. ಬೆಳಕಿನಲ್ಲಿ ಅರಮನೆ ಇರುವಲ್ಲಿ ಕತ್ತಲಲ್ಲಿ ಪಿರಮಿಡ್ ಇದೆ. ನೆಮ್ಮದಿಯ ಹಳ್ಳಿಯ ಜಾಗದಲ್ಲಿ ಬಹಿಷ್ಕೃತರ ಹಳ್ಳಿಯಿದೆ. ಕತ್ತಲ ಲೋಕದಲ್ಲಿ ಮಾಯಾಕನ್ನಡಿ ಬಳಸಿದರೆ ನಾಯಕ ಲಿಂಕ್ ಬೆಳಕಿನ ಲೋಕದಲ್ಲಿ ಅದೇ ಜಾಗಕ್ಕೆ ಬಂದು ನಿಲ್ಲುತ್ತಾನೆ. ಹಾಗಾಗಿ ಇಲ್ಲಿ ಹತ್ತಲಾಗದ ಬಂಡೆಯನ್ನು ಏರಲು, ಅಲ್ಲಿ ಅದಕ್ಕೆ ಸರಿಹೊಂದುವ ಜಾಗ ಹುಡುಕಿ ನಿಂತು, ಕನ್ನಡಿ ಬಳಸಬೇಕು. ಆಡುತ್ತ ಆಡುತ್ತ ಎರಡು ನಕ್ಷೆಗಳು ಮನಸ್ಸಿನಲ್ಲಿ ಒಂದರ ಮೇಲೊಂದು ಕೂರುತ್ತವೆ. ಯಾವ ಪಾತ್ರವೂ ಭಾಷಣ ಮಾಡದೆ ಪರ್ಯಾಯ ವಿಶ್ವ ಅರ್ಥವಾಗುವ ರೀತಿ ಇದು.

ಕತ್ತಲ ಲೋಕಕ್ಕೆ ಹೋದವರು ತಮ್ಮ ಮನಸ್ಸಿಗೆ ತಕ್ಕ ರೂಪ ತಾಳುತ್ತಾರೆ. ರಕ್ಷೆಯ ಮುತ್ತು ಸಿಗುವವರೆಗೆ ಲಿಂಕ್ ಕೂಡ ಅಲ್ಲಿ ಮೊಲ, ಕತ್ತಿ ಹಿಡಿಯಲಾರ. ಈ ನಿಯಮದ ಎಲ್ಲ ನೋವೂ ಕೊಳಲಿನ ಹುಡುಗನ ಪ್ರಸಂಗದಲ್ಲಿ ಸೇರಿಕೊಂಡಿದೆ. ಕತ್ತಲ ಲೋಕದಲ್ಲಿ ಪ್ರಾಣಿಯ ರೂಪಕ್ಕಿಳಿದ ಒಬ್ಬ, ಬೆಳಕಿನ ಲೋಕದ ತೋಪಿನಲ್ಲಿ ಹೂತುಹೋದ ತನ್ನ ಕೊಳಲನ್ನು ಹುಡುಕಿಕೊಡಲು ಕೇಳುತ್ತಾನೆ. ಲಿಂಕ್ ಅದನ್ನು ಅಗೆದು ತಂದು ಕೊನೆಯ ಸಲ ಅವನೆದುರು ನುಡಿಸುತ್ತಾನೆ, ಕೇಳಿದವನು ಮರವಾಗುತ್ತಾನೆ. ಅತ್ತ ಹಳ್ಳಿಯ ಪಾನಗೃಹದಲ್ಲಿ ಅವನ ತಂದೆ ಮಗನಿಗಾಗಿ ಕಾಯುತ್ತಿದ್ದಾನೆ. ಇದನ್ನೆಲ್ಲ ಹೇಳಲು ಆಟ ಬಳಸುವುದು ಕೆಲವೇ ಸಾಲು ಮಾತು. ನಂತರ ಬಂದ ಎಷ್ಟೋ ಆಟಗಳು ಗಂಟೆಗಟ್ಟಲೆ ಮಾತಾಡಿಯೂ ಇಷ್ಟನ್ನು ಸಾಧಿಸಲಿಲ್ಲ.

ಅದೇ ಸರಣಿಯ ‘ಆಕರಿನಾ ಆಫ್ ಟೈಮ್’ (1998) ಲೋಕಗಳ ಅಂತರವನ್ನು ಏಳು ವರ್ಷಗಳ ಅಂತರವಾಗಿ ಬದಲಿಸಿತು. ಬಾಲಕನಾಗಿ ಬಿತ್ತಿದ ಬೀಜ ಯುವಕನಾದಾಗ ಗಿಡವಾಗಿ ನೆರವಿಗೆ ಬರುತ್ತದೆ. ಬಾಲ್ಯದಲ್ಲಿ ಗಿಜಿಗುಡುತ್ತಿದ್ದ ಪೇಟೆ ಹಾಳು ಸುರಿಯುತ್ತಿರುತ್ತದೆ. ಕೊನೆಯಲ್ಲಿ ರಾಜಕುಮಾರಿ ಜೆಲ್ಡಾ ಲಿಂಕ್‌ನನ್ನು ಬಾಲ್ಯಕ್ಕೆ ಕಳುಹಿಸಿದಾಗ, ಅವನು ಗೆದ್ದುಕೊಟ್ಟ ಲೋಕ ಅವನಿಲ್ಲದೆ ಮುಂದುವರಿಯುತ್ತದೆ. ‘ದ ವಿಂಡ್ ವೇಕರ್’ (2002) ಹುಟ್ಟಿದ್ದು ಆ ಖಾಲಿ ಜಾಗದಿಂದ. ಅಲ್ಲಿಯವರೆಗೆ ಕವಲು ಕಥೆಯ ಒಳಗಿನ ಅಗತ್ಯವಾಗಿತ್ತು. 2011ರಲ್ಲಿ ಪ್ರಕಟವಾದ ‘ಹೈರೂಲ್ ಹಿಸ್ಟೋರಿಯಾ’ ಪುಸ್ತಕ, ಲಿಂಕ್ ಸೋತುಹೋದ ಮೂರನೆಯ ಕವಲೊಂದನ್ನು ಸೇರಿಸಿ, ಹಳೆಯ ಆಟಗಳನ್ನು ಅದರಡಿ ಜೋಡಿಸಿತು. ಆ ಸೋಲಿನ ಕಥೆಯನ್ನು ಯಾವ ಆಟವೂ ಹೇಳಿರಲಿಲ್ಲ. ಕಥನದ ತಂತ್ರ ಇಲ್ಲಿ ವಂಶಾವಳಿ ಸರಿಪಡಿಸುವ ಲೆಕ್ಕಪತ್ರವಾಯಿತು. ಅಭಿಮಾನಿಗಳಿಗೆ ಅದು ಖುಷಿ ಕೊಟ್ಟಿತು. ಆಟಗಳಿಗೆ ಅದರಿಂದ ಏನೂ ಸೇರಲಿಲ್ಲ.

ಸ್ಕ್ವೇರ್ ಕಂಪನಿಯ ‘ಕ್ರೋನೊ ಕ್ರಾಸ್’ (1999) ಈ ಪರಂಪರೆಯ ಅತಿ ಮಹತ್ವಾಕಾಂಕ್ಷೆಯ ಕೃತಿ. ಮಾಸಾತೊ ಕಾಟೊ ನಿರ್ದೇಶನದ ಇದರ ನಾಯಕ ಸೆರ್ಜ್, ಕಡಲತೀರದ ಹಳ್ಳಿಯ ಹುಡುಗ. ಒಂದು ದಿನ ಸಮುದ್ರದಂಡೆಯಲ್ಲಿ ಇನ್ನೊಂದು ಲೋಕಕ್ಕೆ ಜಾರುತ್ತಾನೆ. ಊರು ಅದೇ, ಮನೆಗಳು ಅವೇ, ಆದರೆ ಯಾರಿಗೂ ಅವನ ಗುರುತಿಲ್ಲ. ಅಲ್ಲಿ ಅವನು ಹತ್ತು ವರ್ಷಗಳ ಹಿಂದೆಯೇ ನೀರಿನಲ್ಲಿ ಮುಳುಗಿ ಸತ್ತಿದ್ದಾನೆ. ಗುಡ್ಡದ ತುದಿಯಲ್ಲಿ ಅವನ ಸಮಾಧಿಯಿದೆ. ಒಬ್ಬ ಹುಡುಗ ಬದುಕಿದ್ದರಿಂದ ಏನಾಯಿತು, ಸತ್ತದ್ದರಿಂದ ಏನಾಯಿತು ಎಂಬುದನ್ನು ಆಡುವವರು ತಾವೇ ತಿರುಗಾಡಿ ಕಂಡುಕೊಳ್ಳಬೇಕು. ಸೆರ್ಜ್ ಬದುಕಿರುವ ಲೋಕ ಇನ್ನೊಂದಕ್ಕಿಂತ ಹಸನಾಗಿಯೇನೂ ಇಲ್ಲ. ಅಲ್ಲಿ ದ್ವೀಪದ ಯೋಧರ ಪಡೆ ಕಾಣೆಯಾಗಿ, ಪಟ್ಟಣ ಪರರ ಸೈನ್ಯದ ಕೈಸೇರಿದೆ. ತಾನು ಬದುಕಿರುವುದೇ ಈ ಲೋಕದ ದುರ್ಗತಿಗೆ ಕಾರಣವೇ ಎಂಬ ಪ್ರಶ್ನೆ ಇಂಥ ನೋಟಗಳಿಂದಲೇ ಏಳುತ್ತದೆ. ಇಷ್ಟು ಕಠಿಣ ಪ್ರಶ್ನೆಯನ್ನು ಮುಖಾಮುಖಿ ಕೇಳಿದ ಆಟಗಳು ಅಪರೂಪ.

ಇದರ ಕೊರತೆಯೂ ಸಣ್ಣದಲ್ಲ. ಜೊತೆಗೂಡಬಲ್ಲ ಪಾತ್ರಗಳು ನಲವತ್ತಕ್ಕೂ ಹೆಚ್ಚು. ಒಂದೇ ಮಾತನ್ನು ಬೇರೆಬೇರೆ ಶೈಲಿಗೆ ತಿರುಗಿಸಿ ಅವರ ಬಾಯಲ್ಲಿ ಇಡಲಾಗಿದೆ. ಎರಡನೆಯ ಅರ್ಧದಲ್ಲಿ ಹಿಂದಿನ ಆಟ ‘ಕ್ರೋನೊ ಟ್ರಿಗರ್’ಗೆ (1995) ಕೊಂಡಿ ಹಾಕುವ ವಿವರಣೆಗಳು ಪುಟಗಟ್ಟಲೆ ಸುರಿಯುತ್ತವೆ. ಎರಡು ಊರುಗಳ ನಡುವೆ ನಡೆದಾಡಿ ಕಲಿತದ್ದನ್ನು ಕೊನೆಗೆ ಓದಿ ತಿಳಿಯಬೇಕಾಗುತ್ತದೆ.

ಜಪಾನಿನ ಸಚಿತ್ರ ಕಾದಂಬರಿ ಮಾದರಿಯ ಆಟಗಳು ಬೇರೆ ಹಾದಿ ಹಿಡಿದವು. ಚುನ್‌ಸಾಫ್ಟ್‌ನ ‘ಕಮಾಯಿತಾಚಿ ನೊ ಯೊರು’ (1994) ಆಯ್ಕೆಗಳಿಂದ ಕವಲೊಡೆಯುವ ಕಥೆಯನ್ನು ಜನಪ್ರಿಯಗೊಳಿಸಿತು. ಹಿರೊಯುಕಿ ಕನ್ನೊ ಅವರ, ವಯಸ್ಕರಿಗಾಗಿ ಬಂದ ‘ಯು-ನೊ’ (1996) ಕವಲುಗಳ ನಕ್ಷೆಯನ್ನೇ ಆಟದ ಭಾಗ ಮಾಡಿತು. ಈ ಕವಲಿನ ಅತ್ಯುತ್ತಮ ಫಲ ‘ಸ್ಟೈನ್ಸ್ ಗೇಟ್’ (2009). ಟೋಕಿಯೊದ ಅಕಿಹಬಾರಾದಲ್ಲಿ ಗೆಳೆಯರ ಗುಂಪೊಂದು ಭೂತಕಾಲಕ್ಕೆ ಸಂದೇಶ ಕಳಿಸುವ ಯಂತ್ರ ಕಟ್ಟುತ್ತದೆ. ಒಬ್ಬೊಬ್ಬರ ಆಸೆಯೂ ಈಡೇರುತ್ತದೆ, ಪ್ರತಿಸಲ ಲೋಕ ಬದಲಾಗುತ್ತದೆ, ಹಿಂದಿನ ಲೋಕದ ನೆನಪು ಉಳಿಯುವುದು ನಾಯಕ ಒಕಾಬೆಗೆ ಮಾತ್ರ. ಬಾಲ್ಯದ ಗೆಳತಿ ಮಯೂರಿಯ ಸಾವನ್ನು ತಪ್ಪಿಸಲು ಆ ಸಂದೇಶಗಳನ್ನೆಲ್ಲ ಒಂದೊಂದಾಗಿ ಅಳಿಸಬೇಕು. ಅಂದರೆ ಒಬ್ಬೊಬ್ಬ ಸ್ನೇಹಿತರಿಂದಲೂ ಅವರು ಪಡೆದ ಸುಖವನ್ನು ಕಿತ್ತುಕೊಳ್ಳಬೇಕು. ಲೋಕಗಳು ಎಷ್ಟೇ ಹೆಚ್ಚಿದರೂ ಇಲ್ಲಿ ತೂಕ ಇಳಿಯುವುದಿಲ್ಲ, ಏಕೆಂದರೆ ಕಳೆದದ್ದರ ಲೆಕ್ಕ ಒಬ್ಬ ಮನುಷ್ಯನ ನೆನಪಿನಲ್ಲಿ ಉಳಿದಿರುತ್ತದೆ.

ಅಮೆರಿಕದ ‘ಬಯೋಶಾಕ್ ಇನ್ಫಿನಿಟ್’ (2013) ಎಡವಿದ್ದು ಇಲ್ಲೇ. ಕೆನ್ ಲೆವಿನ್ ನೇತೃತ್ವದಲ್ಲಿ ತಯಾರಾದ ಈ ಆಟದ ತೇಲುವ ನಗರ ಕೊಲಂಬಿಯಾ ಅದ್ಭುತ ಕಲ್ಪನೆ. 1912ರ ಅಮೆರಿಕದ ವರ್ಣದ್ವೇಷವನ್ನು, ಧರ್ಮದ ಉನ್ಮಾದವನ್ನು ಅದು ಕಣ್ಣಿಗೆ ರಾಚುವಂತೆ ತೋರಿಸುತ್ತದೆ. ಆದರೆ ಬಂದೂಕು ತಯಾರಕನೊಬ್ಬ ಸತ್ತಾಗ ನಾಯಕ ಬುಕರ್ ಮತ್ತು ಅವನ ಜೊತೆಗಾತಿ ಎಲಿಜಬೆತ್ ಆ ತಯಾರಕ ಬದುಕಿರುವ ಲೋಕಕ್ಕೆ ದಾಟುತ್ತಾರೆ. ಅಲ್ಲೂ ಕೆಲಸವಾಗದಿದ್ದಾಗ ಇನ್ನೊಂದಕ್ಕೆ. ಹಿಂದೆ ಬಿಟ್ಟುಬಂದ ಲೋಕದ ಜನರು ಏನಾದರೆಂದು ಕಥೆ ತಿರುಗಿ ನೋಡುವುದಿಲ್ಲ. ಕೊಲಂಬಿಯಾದ ದುಡಿಯುವವರ ಬಂಡಾಯ ಹೀಗೆ ಯಾರೂ ಉತ್ತರ ಕೊಡಬೇಕಾಗಿಲ್ಲದ ಹಿನ್ನೆಲೆಯ ಗದ್ದಲವಾಗುತ್ತದೆ. ಕೊನೆಯಲ್ಲಿ ಕಾಣುವ ಅಸಂಖ್ಯ ದೀಪಸ್ತಂಭಗಳ ದೃಶ್ಯ ಭವ್ಯವಾಗಿದೆ. ಆ ಭವ್ಯತೆ ರಾಜಕೀಯ ಪ್ರಶ್ನೆಯಿಂದ ನುಣುಚಿಕೊಳ್ಳುವ ದಾರಿಯೂ ಹೌದು. ‘ಮಾರ್ಟಲ್ ಕಾಂಬ್ಯಾಟ್’ (2011) ಕಾಲವನ್ನು ಹಿಂದಕ್ಕೆ ತಿರುಗಿಸಿದ್ದು ಸರಣಿಯನ್ನು ಹೊಸದಾಗಿ ಶುರು ಮಾಡುವ ಅನುಕೂಲಕ್ಕೆ. ಅದರಲ್ಲಿ ಹೆಚ್ಚಿನದನ್ನು ಹುಡುಕಬೇಕಿಲ್ಲ.

ಯಂತ್ರದ ಶಕ್ತಿ, ಮಿತಿಗಳೂ ಈ ತಂತ್ರವನ್ನು ರೂಪಿಸಿವೆ. ‘ಲೆಗಸಿ ಆಫ್ ಕೇನ್: ಸೋಲ್ ರೀವರ್’ (1999) ಆಟದಲ್ಲಿ ಪ್ರೇತಲೋಕಕ್ಕೆ ಜಾರುವಾಗ ಗೋಡೆ ಕಂಬಗಳು ಕಣ್ಣೆದುರೇ ತಿರುಚಿಕೊಳ್ಳುತ್ತವೆ. ‘ದ ಮೀಡಿಯಂ’ (2021) ಎರಡು ಲೋಕಗಳನ್ನು ಪರದೆಯ ಎರಡು ಭಾಗಗಳಲ್ಲಿ ಒಟ್ಟಿಗೇ ತೋರಿಸಿತು. ಅದೇ ವರ್ಷದ ‘ರ‍್ಯಾಚೆಟ್ ಆ್ಯಂಡ್ ಕ್ಲ್ಯಾಂಕ್: ರಿಫ್ಟ್ ಅಪಾರ್ಟ್’ ಪ್ಲೇಸ್ಟೇಷನ್ 5ರ ವೇಗದ ಎಸ್‌ಎಸ್‌ಡಿ ಬಳಸಿ ಕ್ಷಣದಲ್ಲಿ ಲೋಕ ಬದಲಿಸಿತು. ಕಣ್ಣಿಗೆ ಹಬ್ಬವಾದರೂ, ಈ ಎರಡರಲ್ಲೂ ದಾಟುವಿಕೆ ಮನಸ್ಸಿನಲ್ಲಿ ಆಳವಾಗಿ ಊರುವುದಿಲ್ಲ. ಫ್ರಾನ್ಸಿನ ಆರ್ಕೇನ್ ಸ್ಟುಡಿಯೊದ ‘ಡಿಸ್ಆನರ್ಡ್ 2’ (2016) ಒಂದೇ ಒಂದು ಬಂಗಲೆಯಲ್ಲಿ ಅದನ್ನು ಸಾಧಿಸಿತು. ಪಾಳುಬಿದ್ದ ಆ ಬಂಗಲೆಯಲ್ಲಿ ಗಾಜಿನ ಉಪಕರಣವೊಂದರ ಮೂಲಕ ಮೂರು ವರ್ಷ ಹಿಂದಿನ ಅದೇ ಕೋಣೆಯನ್ನು ಇಣುಕಬಹುದು, ಅಲ್ಲಿಗೆ ದಾಟಬಹುದು. ಆ ಹಿಂದಿನ ರಾತ್ರಿ ಮನೆಯ ಯಜಮಾನನ ಪ್ರಜ್ಞೆ ತಪ್ಪಿಸಿ ಒಂದು ಕೆಟ್ಟ ಕೂಟದಿಂದ ದೂರವಿಟ್ಟರೆ, ವರ್ತಮಾನದಲ್ಲಿ ಬಂಗಲೆ ಮತ್ತೆ ಲಕಲಕಿಸುತ್ತದೆ. ತೋಳು, ಕಣ್ಣು ಕಳೆದುಕೊಂಡಿದ್ದ ಹಡಗಿನ ಒಡತಿಗೆ ಅವು ಎಂದೂ ಹೋಗಿರುವುದೇ ಇಲ್ಲ. ಹೀಗೆ ಮಾಡಬಹುದೆಂದು ಆಟ ಎಲ್ಲೂ ಕೂಗಿ ಹೇಳುವುದಿಲ್ಲ. ಇತ್ತೀಚಿನ ದಶಕಗಳಲ್ಲಿ ಈ ತಂತ್ರ ಇಷ್ಟು ಹದವಾಗಿ ಕೂಡಿಬಂದದ್ದು ಬೇರೆಲ್ಲೂ ಇಲ್ಲ.

ಇವುಗಳಲ್ಲಿ ಹಳೆಯವೂ ಇಂದು ಆಡಲು ಸಿಗುತ್ತವೆ: ‘ಕ್ರೋನೊ ಕ್ರಾಸ್’ 2022ರಲ್ಲಿ ಪಿಸಿ ಮತ್ತು ಹೊಸ ಕನ್ಸೋಲ್‌ಗಳಿಗೆ ಮರುಬಿಡುಗಡೆಯಾಯಿತು, ‘ಎ ಲಿಂಕ್ ಟು ದ ಪಾಸ್ಟ್’ ನಿಂಟೆಂಡೊ ಸ್ವಿಚ್‌ನ ಆನ್‌ಲೈನ್ ಚಂದಾ ಸೇವೆಯಲ್ಲಿದೆ.