ಪರವೂರ ಕುಸ್ತಿ, ಪರವೂರ ಚಹಾ

ಆಂಗ್ಲದೇಶದಲ್ಲಿ ಕಾಲ್ಚೆಂಡಿನ ತಂಡವು ಪರವೂರಿಗೆ ಆಡಲು ಹೊರಟರೆ, ಅದರ ಅಭಿಮಾನಿಗಳು ಪಂದ್ಯಕ್ಕೆ ಎಷ್ಟೋ ಮೊದಲೇ ಆ ಊರನ್ನು ಸೇರಿ, ಅಲ್ಲಿಯ ಪಬ್ಬುಗಳಲ್ಲಿ ಕುಳಿತು ಬಿಯರಿನ ಗುಣದೋಷಗಳನ್ನು ವಿಮರ್ಶಿಸುವುದುಂಟು. ರೋಣದವರಾದ ನಮಗೆ ಪರವೂರ ಪಂದ್ಯವೆಂದರೆ ಜಾತ್ರೆಯ ಜಂಗೀ ನಿಕಾಲಿ ಕುಸ್ತಿ, ಪಬ್ಬೆಂದರೆ ಚಹಾದಂಗಡಿ. ಮದ್ಯದಂಗಡಿಗಳು ನಮ್ಮ ಕಡೆಯೂ ಇಲ್ಲದಿಲ್ಲ. ಆದರೆ ಮುಖ ಮರೆಸಿಕೊಂಡು ಹೊಕ್ಕು, ಬಾಯೊರೆಸಿಕೊಂಡು ಹೊರಬೀಳುವ ಸ್ಥಳದಲ್ಲಿ ಸಲ್ಲಾಪವೆಂಬುದು ಹುಟ್ಟಲಾರದಾದ್ದರಿಂದ, ರಸಜ್ಞನಿಗೆ ಅವುಗಳಿಂದ ಪ್ರಯೋಜನವಿಲ್ಲ.

ನರಗುಂದದ ಚಹಾದಂಗಡಿಗಳು ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯ ಲಾರಿಯವರ ನಾಲಗೆಗೆ ಹೊಂದಿಕೊಂಡು ಬೆಳೆದವು. ಅಂತೆಯೇ ಚಹಾ ಖಡಕ್ಕು, ಸಕ್ಕರೆ ಧಾರಾಳ, ಕಪ್ಪು ಮಾತ್ರ ಸಣ್ಣದು. 1858ರಲ್ಲಿ ಬ್ರಿಟಿಷರ ಮೇಲೆ ತಿರುಗಿಬಿದ್ದ ಬಾಬಾಸಾಹೇಬನ ಕೋಟೆಯಿದ್ದ ಗುಡ್ಡವನ್ನು ನೋಡುತ್ತ ಬಾಕಿನ ಮೇಲೆ ಕುಳಿತರೆ, ಕುಸ್ತಿಯ ಮಾತು ಎರಡು ಗುಟುಕಿಗೆ ಮುಗಿದು ನೀರಿನ ಮಾತು ಮೊದಲಾಗುತ್ತದೆ. ಮಲಪ್ರಭೆಯ ಅಚ್ಚುಕಟ್ಟಿನ ರೈತರು ಅಭಿವೃದ್ಧಿ ಕರದ ವಿರುದ್ಧ ಸಿಡಿದೆದ್ದ 1980ರ ಜುಲೈ 21ನ್ನು ಕಂಡವರು ಒಂದು ಮಗ್ಗುಲಿಗೆ, 2015ರಿಂದ ಮಹದಾಯಿಗಾಗಿ ಧರಣಿ ಕುಳಿತವರು ಇನ್ನೊಂದು ಮಗ್ಗುಲಿಗೆ. ನಡುವೆ ಸಿಕ್ಕ ಪರವೂರಿನವನಿಗೆ ಚಹಾ ಆರುವುದೊಂದೇ ಚಿಂತೆ. ಹೋದ ಸಲ ಒಬ್ಬ ಹಿರಿಯರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ರೋಣದವ್ರೇನ್ರಿ? ಹಂಗಾರ ಆರಾಮ ಚಾ ಕುಡೀರಿ, ಅವಸರಾ ಮಾಡಬ್ಯಾಡ್ರಿ. ಕುಸ್ತಿ ಹೆಂಗೂ ನಮ್ಮ ಹುಡುಗಂದ ಐತಿ” ಎಂದರು. ಅವರೆಂದಂತೆಯೇ ಆಯಿತೆಂಬುದನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ.

ಅಂಗಡಿಯ ಯೋಗ್ಯತೆಯನ್ನು ನಾನು ಅಳೆಯುವುದು ಗಿರಮಿಟ್ಟಿನಿಂದ. ಉಳ್ಳಾಗಡ್ಡಿ, ಅರಿಷಿಣ, ಹುಣಸೆಹುಳಿ, ಚೂರು ಬೆಲ್ಲ ಕೂಡಿದ ಒಗ್ಗರಣೆಯು ಬೋಗುಣಿಯಲ್ಲಿ ಸಿದ್ಧವಾಗಿರತಕ್ಕದ್ದು. ಚುರಮರಿಗೆ ಅದನ್ನು ಬೆರೆಸುವುದು ಮಾತ್ರ ಗಿರಾಕಿಯು ಕೇಳಿದ ಮೇಲೆಯೇ ಆಗತಕ್ಕದ್ದು. ಪುಟಾಣಿ ಹಿಟ್ಟು ಉದುರಿಸಿ, ಎರಡು ಸಲ ತಿರುವಿ, ಹಸಿ ಉಳ್ಳಾಗಡ್ಡಿಯನ್ನೂ ಕೊತ್ತಂಬರಿಯನ್ನೂ ಮೇಲೆ ಚೆಲ್ಲಿ ಕಾಗದದ ಮೇಲೆ ಸುರಿದುಕೊಟ್ಟಾಗ, ಚುರಮರಿಯು ಹೊರಗೆ ನೆನೆದು ಒಳಗೆ ಇನ್ನೂ ಗರಿಗರಿಯಾಗಿರುವ ಕಾಲಾವಧಿಯು ಬಹು ಅಲ್ಪ. ಅಷ್ಟರೊಳಗೆ ತಿನ್ನದೆ ಹರಟೆಗೆ ಕುಳಿತವನಿಗೆ ಮುದ್ದೆಯಾದ ಹಿಟ್ಟೇ ಗತಿ. ಮುಂಜಾನೆಯೇ ಕಲಸಿ ರಾಶಿ ಹಾಕಿಟ್ಟ ಅಂಗಡಿಯ ಮುಂದೆ ನಾನು ನಿಲ್ಲುವವನಲ್ಲ.

ಗಜೇಂದ್ರಗಡದ್ದು ಬೇರೆಯೇ ಧಾಟಿ. ಗುಡ್ಡದ ನೆತ್ತಿಯಲ್ಲಿ ಗಾಳಿಯಂತ್ರಗಳು, ಅಡಿಯಲ್ಲಿ ನೇಕಾರರ ಓಣಿಗಳು. ಮಗ್ಗದಿಂದ ಎದ್ದುಬಂದ ನೇಕಾರನು ನಿಂತೇ ಅರ್ಧ ಕಪ್ಪು ಕುಡಿದು ಮರಳುತ್ತಾನಾದ್ದರಿಂದ ಚಹಾ ಹದವಾಗಿ, ಬೇಗನೆ ಬರುತ್ತದೆ. ಇಲ್ಲಿಯ ಮಿರ್ಚಿಯನ್ನು ನಾನು ಮೂರೂ ಊರುಗಳಲ್ಲಿ ಮೊದಲನೆಯದೆನ್ನುತ್ತೇನೆ. ನನ್ನೂರಿನವರು ಸಿಟ್ಟಾದರೆ ಆಗಲಿ. ಟಿಪ್ಪುವಿಗೂ ಮರಾಠರಿಗೂ 1787ರಲ್ಲಿ ಒಡಂಬಡಿಕೆಯಾದ ಊರಿದು. ಅದರ ಗಾಳಿಯೋ ಏನೋ, ಕೊನೆಯ ಜೋಡಿಯಲ್ಲಿ ಚಿತ್ತಾದ ನಮ್ಮ ಪೈಲವಾನನೂ, ಅವನನ್ನು ಕೆಡವಿ ಬೆಳ್ಳಿಕಡಗ ತೊಟ್ಟ ಅವರ ಪೈಲವಾನನೂ, ಕಿವಿಯೊಳಗಿನ ಕೆಮ್ಮಣ್ಣು ಇನ್ನೂ ಹೋಗಿರದೆ, ಒಂದೇ ಬಾಕಿನ ಮೇಲೆ ಕುಳಿತು ಒಂದೇ ತಾಟಿನಿಂದ ಮಿರ್ಚಿ ಮುರಿಯುತ್ತಿದ್ದುದನ್ನು ಕಂಡೆ. ಸೋತವನು ದುಡ್ಡು ಕೊಡಹೋದಾಗ ಅಂಗಡಿಕಾರನು ಕೈ ಹಿಡಿದು, “ಬಿಡೋ ತಮ್ಮಾ, ಮುಂದಿನ ಸಲ ಗೆದ್ದ ಕೊಡು” ಎಂದನು. ನನ್ನಿಂದ ಮಾತ್ರ ನಾಲ್ಕು ಚಹಾಕ್ಕೆ ಎಣಿಸಿ ತೆಗೆದುಕೊಂಡನು. ನಾನು ಕುಡಿದದ್ದು ಮೂರು.